ಚಾನೆಲ್‌ನವರಿಗೂ ಬಟವಾಡೆ: ಮೆಂಬರ್‌ಶಿಪ್, ಸೂಪರ್ ಚಾಟ್, ವಿದೇಶಿ ಸೈಟು, ಯುಪಿಐ

ಯೂಟ್ಯೂಬ್‌ನಲ್ಲಿ ಒಳ್ಳೆಯ ವಿಡಿಯೋ ಮಾಡುವವರಿಗೆ ನೋಡುವ ನಾವು ದುಡ್ಡು ಕೊಡುವುದು ಹೇಗೆ? ನಾನು ನೋಡಿದ್ದು ಈ ನಾಲ್ಕು ದಾರಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯುಪಿಐಗೆ. ಉಳಿದ ಮೂರನ್ನೂ ಎರಡು ವರ್ಷದಲ್ಲಿ ಬಳಸಿ ನೋಡಿಯೇ ಇಲ್ಲಿಗೆ ಬಂದು ನಿಂತಿದ್ದೇನೆ.

ನಮ್ಮದು ಸೋಮವಾರಪೇಟೆ ಕಡೆ, ಶಾಂತಳ್ಳಿ ಹತ್ತಿರ ಮೂರು ಎಕರೆ ಅರೇಬಿಕಾ ತೋಟ. ಒಂದು ವರ್ಷ ಗಿಡಗಳು ಅಲ್ಲೊಂದು ಇಲ್ಲೊಂದು ಹಳದಿಯಾಗಿ ಸೊರಗಿದವು. ಗೊಬ್ಬರ ಸಾಲದು ಅಂದುಕೊಂಡಿದ್ದೆ. ಒಬ್ಬ ಹುಡುಗ ಮಾಡಿದ ಕನ್ನಡ ವಿಡಿಯೋ ನೋಡಿದ ಮೇಲೆ ಕಾಂಡ ಸವರಿ ನೋಡಿದೆ. ಉಬ್ಬು ಗೆರೆ ಕೈಗೆ ಸಿಕ್ಕಿತು. ಬಿಳಿ ಕಾಂಡಕೊರಕ! ಒಳಗಿನ ಹುಳು ದುಂಬಿಯಾಗಿ ಹಾರುವ ಮೊದಲು ಗಿಡ ಕಿತ್ತು ಸುಡಿ ಅಂತ ಅವನೇ ಹೇಳಿದ್ದ. 40 ಗಿಡ ಹೋದವು, ಮಿಕ್ಕ ತೋಟ ಉಳಿಯಿತು. ಅದಕ್ಕೆ ನಾನು ಕೊಟ್ಟದ್ದು ಒಂದು ಲೈಕ್. ತೋಟದಲ್ಲಿ ದುಡಿದವರನ್ನು ಬಟವಾಡೆ ಮಾಡದೆ, ಅಂದರೆ ಕೂಲಿ ಕೊಡದೆ, ಮನೆಗೆ ಕಳಿಸುತ್ತೇವಾ? ಈ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ.

ನಾನು ತಪ್ಪದೆ ನೋಡುವ ಇನ್ನೊಂದು ಚಾನೆಲ್ ಒಬ್ಬ ಹೆಣ್ಣುಮಗಳದ್ದು. ರಾಜ್ಯ ಬಜೆಟ್, ವಿಧಾನಸಭೆಯ ಚರ್ಚೆ ಎಲ್ಲವನ್ನೂ ಓದಿಕೊಂಡು ಬಂದು ನಮಗೆ ಅರ್ಥವಾಗುವ ಹಾಗೆ ಹೇಳುತ್ತಾರೆ. ಯಾವ ಪಕ್ಷದ ಮೇಲೂ ಕೂಗಾಡುವುದಿಲ್ಲ. ಅವರು ವಿದೇಶದ ಒಂದು ಸೈಟಿನಲ್ಲಿ ಬೆಂಬಲದ ಪುಟ ತೆರೆದಿದ್ದರು, ತಿಂಗಳಿಗೆ 3 ಡಾಲರ್. ನಾನು ಶುರು ಮಾಡಿದ್ದು ಅಲ್ಲಿಂದ.

ಕಾರ್ಡ್ ನಂಬರ್ ಹಾಕಿದೆ. ಆಗಲಿಲ್ಲ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮುಚ್ಚಿಯೇ ಬರುತ್ತದೆ, ಬೇಕಾದವರು ತಾವೇ ಬ್ಯಾಂಕ್ ಆ್ಯಪ್‌ನಲ್ಲಿ ತೆರೆಯಬೇಕು ಅಂತ ಆಮೇಲೆ ಗೊತ್ತಾಯಿತು. ತೆರೆದೆ. ಈಗ ಓಟಿಪಿ ಬೇಕು ಅಂತು. ಮನೆಗೆ ಫೈಬರ್ ಇಂಟರ್ನೆಟ್ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಸಿಗ್ನಲ್ ಸಿಗುವುದು ತೋಟದ ಮೇಲಿನ ರಸ್ತೆ ತಿರುವಿನಲ್ಲಿ. ಕೊಡೆ ಹಿಡಿದು ಅಲ್ಲಿಗೆ ಹೋದರೆ ಓಟಿಪಿ ಬರುತ್ತದೆ, ವಾಪಸ್ ಮನೆಗೆ ಬರುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತದೆ. ತಿರುವಿನಲ್ಲೇ ನಿಂತು ಮಾಡೋಣ ಅಂದರೆ ಅಲ್ಲಿ ಪುಟ ತೆರೆಯುವಷ್ಟು ನೆಟ್ ಇಲ್ಲ. ಕೊನೆಗೆ ಮಗನ ಕೈಗೆ ಫೋನ್ ಕೊಟ್ಟು ತಿರುವಿನಲ್ಲಿ ನಿಲ್ಲಿಸಿದೆ. ಅವನು ಆರು ಅಂಕಿ ಕೂಗಿದ. ಜುಲೈ ಮಳೆ, ಹೆಂಚಿನ ಮೇಲೆ ಸದ್ದು, ಏಳೋ ಎಂಟೋ ಗೊತ್ತಾಗಲ್ಲ. ನಾಲ್ಕನೇ ಸಲಕ್ಕೆ ದುಡ್ಡು ಹೋಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ತಿಂಗಳು ತಾನಾಗಿ ಕಡಿತ ಆಗಬೇಕಿತ್ತು, ಆಗಲಿಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ. ತಿಂಗಳ ಕಡಿತಕ್ಕೆ ನಾವು ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು, ಪ್ರತಿ ಸಲ 24 ಗಂಟೆ ಮುಂಚೆ ನಮಗೆ ತಿಳಿಸಬೇಕು. ನಿಯಮ ಒಳ್ಳೆಯದೇ, ಕೇಳದೆ ನಮ್ಮ ದುಡ್ಡು ಹೋಗಬಾರದು ಅಲ್ವಾ. ಆದರೆ ಆ ಸೈಟು ಇದಕ್ಕೆ ಹೊಂದಿಕೊಂಡಿರಲಿಲ್ಲ. ಹಾಗಾಗಿ ಪ್ರತಿ ತಿಂಗಳೂ ಅದೇ ತಿರುವು, ಅದೇ ಕೂಗು. ಡಾಲರ್ ಬದಲಾವಣೆಗೆ ಬ್ಯಾಂಕ್ ಬೇರೆ ಶುಲ್ಕ ಹಾಕಿತು. ನನಗೆ ಜಾಸ್ತಿ ಬೇಸರವಾಗಿದ್ದು ಇದ್ಯಾವುದಕ್ಕೂ ಅಲ್ಲ. ಪಾವತಿ ಆಗದ ತಿಂಗಳು ಅವರ ಪಟ್ಟಿಯಿಂದ ನನ್ನ ಹೆಸರು ಹೋಗುತ್ತಿತ್ತು. ನಾನು ಬಿಟ್ಟುಹೋದೆ ಅಂತಲೇ ಅವರು ಅಂದುಕೊಂಡಿದ್ದರು. ಮೂರು ತಿಂಗಳಾದ ಮೇಲೆ ನಿಲ್ಲಿಸಿಬಿಟ್ಟೆ.

ಚಾನೆಲ್‌ಗೆ ತಿಂಗಳಿಗಿಷ್ಟು ಅಂತ ಕಟ್ಟುವ ಯೂಟ್ಯೂಬ್ ಮೆಂಬರ್‌ಶಿಪ್ ಸಲೀಸು. ತೆರಿಗೆ ಕಳೆದು ಉಳಿದದ್ದರಲ್ಲಿ ನೂರಕ್ಕೆ 70 ಮಾಡಿದವರಿಗೆ ಸೇರುತ್ತದೆ. ಐಫೋನ್ ಆ್ಯಪ್‌ನಿಂದ ಸೇರಿದರೆ ಆ್ಯಪಲ್ ಪಾಲೂ ಕಳೆಯುತ್ತದೆ, ಅದಕ್ಕೇ ಬ್ರೌಸರ್‌ನಲ್ಲಿ ಸೇರಿ. ಆದರೆ ಸಣ್ಣ ಚಾನೆಲ್‌ಗೆ ಈ ಬಟನ್ನೇ ಇರುವುದಿಲ್ಲ. ಕನಿಷ್ಠ 500 ಸಬ್‌ಸ್ಕ್ರೈಬರ್ ಆದರೂ ಆಗಬೇಕು. ಕಾಂಡಕೊರಕದ ಹುಡುಗನಿಗೆ ಆಗ 300 ಚಿಲ್ಲರೆ ಇತ್ತು. ನನ್ನ ಕಷ್ಟ ಇನ್ನೊಂದಿದೆ. ನಮಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕಾಫಿ ಕುಯ್ಲು ಮುಗಿದು ಮಾರಿದ ಮೇಲೆ. ಆಮೇಲೆ ಒಂದಿಷ್ಟು ಮೆಣಸಿನದು. ತಿಂಗಳ ಸಂಬಳದವರಿಗೆ ಮೆಂಬರ್‌ಶಿಪ್ ಸರಿ. ಮಳೆಗಾಲದಲ್ಲಿ ನನ್ನ ಖಾತೆಯಲ್ಲಿ ಏನೂ ಇರುವುದಿಲ್ಲ.

ಸೂಪರ್ ಚಾಟ್ ಅಂದರೆ ಲೈವ್ ನಡೆಯುವಾಗ ದುಡ್ಡು ಹಾಕಿ ಮೆಸೇಜ್ ಕಳಿಸುವುದು. ಅದರಲ್ಲೂ ಪಾಲು ಅಷ್ಟೇ, 70. ನಾನು ಬಿಟ್ಟದ್ದು ಬೇರೆ ಕಾರಣಕ್ಕೆ. 2024ರ ಲೋಕಸಭೆ ಚುನಾವಣೆ ಹೊತ್ತಿಗೆ ರಾಜಕೀಯದ ಲೈವ್‌ಗಳನ್ನು ಜಾಸ್ತಿ ನೋಡಿದೆ. ದುಡ್ಡು ಹಾಕಿದವರ ಮಾತು ಮೇಲೆ ಬರುತ್ತದೆ, ಮಾತಾಡುವವರು ಅದನ್ನೇ ಓದುತ್ತಾರೆ. ಗಂಟೆ ಕಳೆಯುವುದರಲ್ಲಿ ಇಡೀ ಲೈವ್ ಅವರು ಕೇಳಿದ ಕಡೆಗೇ ವಾಲಿರುತ್ತದೆ. ಕೆಲಸಕ್ಕೆ ಕೂಲಿ ಕೊಡಬೇಕು, ಮಾತನ್ನು ತಿರುಗಿಸಲಿಕ್ಕೆ ಅಲ್ಲ.

ಬರೀ ಜಾಹೀರಾತು ನೋಡಿದರೂ ಏನೋ ಸಿಗುತ್ತದೆ. ಜಾಹೀರಾತು ಬರುವ ಚಾನೆಲ್ ಆದರೆ ಉದ್ದ ವಿಡಿಯೋಗೆ ನೂರಕ್ಕೆ 55, ಶಾರ್ಟ್ಸ್‌ಗೆ 45. ವಿಡಿಯೋ ಡೌನ್‌ಲೋಡ್ ಮಾಡಿ ವಾಟ್ಸಾಪ್‌ನಲ್ಲಿ ತಳ್ಳಿದರೆ ಅದೂ ಇಲ್ಲ. ದಯವಿಟ್ಟು ಲಿಂಕ್ ಕಳಿಸಿ.

ಇನ್ನು ಯುಪಿಐ. ಕಳಿಸಿದ ಅಷ್ಟೂ ಅವರ ಕೈಗೆ ಹೋಗುತ್ತದೆ, ನಡುವೆ ಯಾರೂ ಮುರಿದುಕೊಳ್ಳುವುದಿಲ್ಲ. ಓಟಿಪಿ ಬೇಡ, ಪಿನ್ ಸಾಕು. ಹಾಗಾಗಿ ಮನೆಯ ವೈಫೈನಲ್ಲೇ ಆಗುತ್ತದೆ. ಕಾಫಿ ಮಾರಿದ ದಿನವೇ ವರ್ಷದ್ದು ಒಟ್ಟಿಗೆ ಕೊಡಬಹುದು. ಕಳೆದ ಸಲ ಕೊರಕದ ಹುಡುಗನಿಗೆ 2,000 ಕಳಿಸಿದೆ. "ಅಣ್ಣಾ, ಇದ್ರಲ್ಲಿ ಮೈಕ್ ತಗೊಳ್ತೀನಿ" ಅಂತ ಮೆಸೇಜ್ ಮಾಡಿದ.

ಪಕ್ಕದ ತೋಟದ ಮಾವ ಕೇಳಿದರು, "ಅಲ್ಲ ಮಾರಾಯ, ಮೊಬೈಲಲ್ಲಿ ಮಾತಾಡೋರಿಗೆ ದುಡ್ಡು ಕೊಡ್ತೀಯಾ? ದುಡ್ಡು ತಗೊಂಡೋರು ಪೇಯ್ಡ್ ಆಗಲ್ವಾ?" ನಾನು ಹೇಳಿದೆ, "ಡಿಶ್ ರೀಚಾರ್ಜ್ ಮಾಡಿಸ್ತೀರಲ್ಲ ಮಾವ, ಇದೂ ಹಂಗೇ. ಇನ್ನೂರು ಜನ ಐವತ್ತೈವತ್ತು ಕೊಟ್ರೆ ಅವ್ರು ಯಾವ ಪಕ್ಷದ ಬಾಗಿಲಿಗೂ ಹೋಗ್ಬೇಕಾಗಿಲ್ಲ." ಇದನ್ನು ನಾನು ಮನಸಾರೆ ನಂಬುತ್ತೇನೆ. ಮಾವ ಒಪ್ಪಲಿಲ್ಲ.

ಯುಪಿಐನಲ್ಲಿ ಒಂದು ದೊಡ್ಡ ತೊಂದರೆ ಇದೆ. ಕ್ಯೂಆರ್ ಹಾಕಿದರೆ ಖಾತೆಯ ಹೆಸರು ಎಲ್ಲರಿಗೂ ಕಾಣುತ್ತದೆ. ಐಡಿಯಲ್ಲಿ ಫೋನ್ ನಂಬರ್ ಇದ್ದರೆ ಅದೂ ಕಾಣುತ್ತದೆ. ತೋಟದ ಹುಡುಗನಿಗೆ ಇದರಿಂದ ಏನೂ ಆಗಲಿಲ್ಲ. ರಾಜಕೀಯ ಮಾತಾಡುವ ಹೆಣ್ಣುಮಗಳಿಗೆ ಆಯಿತು. ಒಂದೊಂದು ರೂಪಾಯಿ ಕಳಿಸಿ, ಜೊತೆಗೆ ಬರೆಯುವ ಜಾಗದಲ್ಲಿ ಕೆಟ್ಟ ಬೈಗುಳ ಹಾಕುವವರು ಶುರುವಾದರು. ರಾತ್ರಿ ಫೋನ್ ಮಾಡುವವರೂ ಇದ್ದರು. ಹತ್ತು ದಿನಕ್ಕೆ ಅವರು ಕ್ಯೂಆರ್ ತೆಗೆದುಬಿಟ್ಟರು. ಅಭಿಪ್ರಾಯ ಇಷ್ಟವಾಗಲಿಲ್ಲ ಅಂದರೆ ವಿಡಿಯೋ ನೋಡಬೇಡಿ. ಒಬ್ಬರ ನೆಮ್ಮದಿ ಕೆಡಿಸುವ ಹಕ್ಕು ಒಂದು ರೂಪಾಯಿಗೆ ಬರುವುದಿಲ್ಲ.

ಹಾಗಾಗಿ ಈಗ ಅವರಿಗೆ ಮಾತ್ರ ಮೆಂಬರ್‌ಶಿಪ್‌ನಲ್ಲಿ ಕೊಡುತ್ತಿದ್ದೇನೆ. ಅದಕ್ಕೆ ಬೇಕಾದ ದುಡ್ಡನ್ನು ಮೆಣಸು ಮಾರಿದಾಗಲೇ ಎತ್ತಿಡುತ್ತೇನೆ. ಉಳಿದವರಿಗೆಲ್ಲ ಯುಪಿಐ, ವರ್ಷಕ್ಕೆ ಒಟ್ಟು 5,000. ಅಂಗಡಿಗಳಿಗೆ ಇರುವ ಹಾಗೆ ಚಾನೆಲ್ ಹೆಸರಿನಲ್ಲಿ ವ್ಯಾಪಾರದ ಖಾತೆ ಮಾಡಿಸಿದರೆ ಸ್ವಂತ ನಂಬರ್ ಹೊರಗೆ ಬರುವುದಿಲ್ಲ ಅಂತ ಅವರಿಗೆ ಬರೆದಿದ್ದೇನೆ. ಅವರು ಮತ್ತೆ ಕ್ಯೂಆರ್ ಹಾಕಿದ ದಿನ ನಾನೂ ಮೆಂಬರ್‌ಶಿಪ್ ಬಿಟ್ಟು ಅದಕ್ಕೇ ಕಳಿಸುತ್ತೇನೆ.