ಸೀರೆ ಕವರ್‌ನಲ್ಲಿ ಅರ್ಧ ಕೌದಿ, ಅರ್ಧ ಕಥೆ: ಬಳಸಿ ನೋಡಿ ಬರೆದ ವಿಮರ್ಶೆ

ಸೀರೆ ಇಡುವ ಕವರ್ ಗೊತ್ತಲ್ವಾ? ಮೇಲ್ಗಡೆ ಒಳಗಿನದು ಕಾಣುವ ಪ್ಲಾಸ್ಟಿಕ್, ಉಳಿದ ಕಡೆ ಬಟ್ಟೆಯಂಥ ಒರಟು ಹಾಳೆ, ಮೂರು ಬದಿ ಸುತ್ತಿ ಬರುವ ಚೈನ್. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಮದುವೆ ಸೀಸನ್‌ನಲ್ಲಿ ಓಡಾಡಿದರೆ ಅಂಗಡಿ ಬಾಗಿಲಿಗೇ ತೂಗುಹಾಕಿರುತ್ತಾರೆ. ಆರರ ಕಟ್ಟಿಗೆ 480 ರೂಪಾಯಿ ಹೇಳಿದರು, 420ಕ್ಕೆ ಕೊಟ್ಟರು. ಉದ್ದ ಒಂದೂವರೆ ಅಡಿ, ಅಗಲ ಒಂದಡಿಗಿಂತ ತುಸು ಜಾಸ್ತಿ, ಎತ್ತರ ಒಂದು ಗೇಣು. ಹತ್ತು ಹನ್ನೆರಡು ಸೀರೆ ಹಿಡಿಯುತ್ತದೆ ಅಂತ ಅಂಗಡಿಯವರ ಮಾತು. ನಾನು ಮಾತ್ರ ಅದರಲ್ಲಿ ಒಂದು ಸೀರೆಯನ್ನೂ ಇಟ್ಟಿಲ್ಲ. ತಂದದ್ದು ಮುಗಿಯದ ಕೌದಿಗಳಿಗೆ (ಹಳೇ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆ), ಮುಗಿಯದ ಕಥೆಗಳಿಗೆ. ಹಾಗಾಗಿ ಈ ವಿಮರ್ಶೆ ಓದಿ ರೇಷ್ಮೆ ಸೀರೆಗೆ ಕವರ್ ತಗೊಳ್ಳುವವರು ಬೇರೆಯವರನ್ನೂ ಒಂದು ಮಾತು ಕೇಳಿ.

ಮೊದಲು ಇಷ್ಟೊಂದು ಅರ್ಧಂಬರ್ಧ ಕೆಲಸ ಎಲ್ಲಿಂದ ಬಂತು ಅಂತ ಹೇಳಬೇಕು. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ಬಂದರೆ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಅಷ್ಟೊತ್ತಿಗೆ ಬಿಸಿಲು 42 ಡಿಗ್ರಿ ದಾಟಿರುತ್ತದೆ, ಹೊರಗೆ ಕಾಲಿಡುವ ಹಾಗಿಲ್ಲ. ಊಟ ಮಾಡಿ ಕೂಲರ್ ಮುಂದೆ ಸೀರೆ ಹಾಸಿ ಕೂತರೆ ಸಂಜೆವರೆಗೆ ಸಮಯ. ಪ್ರತಿ ಬೇಸಿಗೆಗೂ ಒಂದು ಕೌದಿ ಶುರುವಾಗುತ್ತದೆ. ಜೂನ್‌ನಲ್ಲಿ ಕಚೇರಿ ಹಳೇ ವೇಳೆಗೆ ಬಂದರೆ ಅದು ಇದ್ದಲ್ಲಿಗೇ ಮಡಚಿಕೊಂಡು ಅಟ್ಟ ಹತ್ತುತ್ತದೆ.

ಕಥೆಗಳದ್ದು ಬೇರೆ ದಾರಿ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಅಂತ ಶುರು ಮಾಡಿ ಕೊನೇ ದಿನಾಂಕ ದಾಟಿದವು ಕೆಲವು. ಒಂದು ಕಾದಂಬರಿಯೂ ಇದೆ. 2020ರ ಫೆಬ್ರವರಿಯಲ್ಲಿ ನಮ್ಮೂರಲ್ಲೇ 85ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆ ಹುಮ್ಮಸ್ಸಿನಲ್ಲಿ ಶುರು ಮಾಡಿದ್ದು. ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯವರದ್ದೇ ಅಂತ ಸುದ್ದಿ ಬಂತು. ಆಮೇಲೆ ಯಾವ ಕಾದಂಬರಿ, ಯಾವ ಅಧ್ಯಾಯ.

ಇವೆಲ್ಲ ಇದ್ದದ್ದು ಅತ್ತೆಯವರ ಕಾಲದ ಕಬ್ಬಿಣದ ಟ್ರಂಕಿನಲ್ಲಿ. ಟ್ರಂಕಿಗೆ ನಾನು ಹೆಸರಿಡುವುದಿಲ್ಲ. ಇಲಿ ಬರುವುದಿಲ್ಲ, ಧೂಳು ಬರುವುದಿಲ್ಲ. ಆದರೆ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಕಣ್ಣಿಗೆ ಕಾಣದ್ದು ಮನಸ್ಸಿನಿಂದಲೂ ಹೋಗಿದ್ದರೆ ಚಿಂತೆಯೇ ಇರಲಿಲ್ಲ. ಹೋಗುವುದಿಲ್ಲ. ರೊಟ್ಟಿ ಬಡಿಯುವಾಗ ಕಾದಂಬರಿಯ ನೆನಪು, ಕಾದಂಬರಿ ಬರೆಯಲು ಕೂತರೆ ಕೌದಿಯ ನೆನಪು. ಹೊಸದೇನೂ ಹಿಡಿಯಲು ಮನಸ್ಸಾಗದು, ಹಳೇದನ್ನು ತೆಗೆಯಲು ಧೈರ್ಯ ಸಾಲದು.

ಮನಶ್ಶಾಸ್ತ್ರ ಓದುವ ಮಗಳು ಇದಕ್ಕೊಂದು ಕಾರಣ ಹೇಳಿದಳು. ಬ್ಲೂಮಾ ಝೈಗಾರ್ನಿಕ್ ಅನ್ನುವ ಮನೋವಿಜ್ಞಾನಿ ಬರ್ಲಿನ್‌ನಲ್ಲಿ ಪ್ರಯೋಗ ಮಾಡಿ 1927ರಲ್ಲೇ ಬರೆದಿದ್ದರಂತೆ, ಮುಗಿದ ಕೆಲಸಕ್ಕಿಂತ ನಡುವೆ ನಿಂತ ಕೆಲಸವೇ ಜನರಿಗೆ ಹೆಚ್ಚು ನೆನಪಿರುತ್ತದೆ ಅಂತ. ಅದು ನನಗೆ ಹೊಸ ಸುದ್ದಿಯೇನಲ್ಲ. ಕಿವಿ ನೆಟ್ಟಗಾದದ್ದು ಎರಡನೇ ಮಾತಿಗೆ. 2011ರಲ್ಲಿ ಮ್ಯಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಪ್ರಕಟಿಸಿದ ಅಧ್ಯಯನದ ಪ್ರಕಾರ, ತಲೆ ಹಗುರಾಗಲು ಕೆಲಸ ಮುಗಿಯಲೇಬೇಕೆಂದಿಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಗೊತ್ತು ಮಾಡಿಕೊಂಡರೂ ಅದರ ಕಾಟ ತಗ್ಗುತ್ತದೆ.

ಇದನ್ನು ಕೇಳಿ ನನಗೆ ಕಚೇರಿ ನೆನಪಾಯಿತು. ಪ್ರತಿ ಕಡತಕ್ಕೂ ಒಂದು ಟಿಪ್ಪಣಿ ಹಾಳೆ ಇರುತ್ತದೆ. ಕಡತ ಎಲ್ಲಿಂದ ಬಂತು, ಎಲ್ಲಿ ನಿಂತಿದೆ, ಮುಂದಿನ ಕ್ರಮ ಏನು, ಎಲ್ಲ ಅದರಲ್ಲಿ. ಗುಮಾಸ್ತೆ ರಜೆ ಹಾಕಿದರೂ ಇನ್ನೊಬ್ಬರು ಓದಿ ಮುಂದುವರಿಸಬಹುದು. ಕೌದಿಗೂ ಒಂದು ಟಿಪ್ಪಣಿ ಹಾಳೆ ಯಾಕಿರಬಾರದು? ಆ ಹಾಳೆ ಹೊರಗಿನಿಂದಲೇ ಓದಲು ಸಿಗಬೇಕಾದರೆ ಕಾಣುವ ಮುಖದ ಕವರ್ ಬೇಕು. ಸೀರೆ ಕವರ್ ತಂದದ್ದು ಇದಕ್ಕೇ.

ಈಗ ಗುಣ ದೋಷಕ್ಕೆ ಬರೋಣ.

ಕೌದಿಗೆ ಇದು ಸಾಲುತ್ತದಾ? ಅರ್ಧ ಉತ್ತರ ಹೌದು. ಕೂಸಿನ ಕೌದಿ, ಕುಂಚಿಗೆ, ತುಂಡು ಬಟ್ಟೆಗಳ ಗಂಟು ಆರಾಮಾಗಿ ಕೂರುತ್ತವೆ. ತಂಗಿಯ ಮಗಳಿಗೆ ಅಂತ ಗುಳೇದಗುಡ್ಡದ ಖಣದಲ್ಲಿ ಹೊಲಿಯಲು ಹಿಡಿದ ಕುಂಚಿಗೆ ಒಂದು ಕವರ್‌ನಲ್ಲಿದೆ. ಆ ಕೂಸು ಈಗ ಶಾಲೆಯಲ್ಲಿ ಮಗ್ಗಿ ಹೇಳುತ್ತದೆ. ದೊಡ್ಡವರು ಹೊದೆಯುವ ಕೌದಿ ಮಾತ್ರ ಹಿಡಿಯುವುದಿಲ್ಲ. ನಾನು ಹೊಲಿಯುವುದು ಕೆಳಗೊಂದು ಇಳಕಲ್ ಸೀರೆ, ನಡುವೆ ಹಳೇ ಧೋತರದ ಎರಡು ಪದರ, ಮೇಲೆ ತುಂಡುಗಳು. ಮಡಚಿದರೆ ಗೇಣು ದಾಟುತ್ತದೆ. ಒತ್ತಿ ತುರುಕಿದರೆ ಚೈನ್ ಪಕ್ಕದ ಹೊಲಿಗೆ ಬಿಡುತ್ತದೆ. ನನ್ನ ಒಂದು ಕವರ್ ಹೀಗೇ ಮೂಲೆಯಲ್ಲಿ ಬಾಯಿ ಬಿಟ್ಟಿದೆ. ಆದ್ದರಿಂದ ದೊಡ್ಡವು ಮತ್ತೆ ಟ್ರಂಕಿಗೇ ಹೋದವು. ಅವುಗಳ ಹಾಳೆ, ನೂಲಿನ ಉಂಡೆ, ಇನ್ನೂ ಹಚ್ಚಬೇಕಾದ ತುಂಡುಗಳು ಮಾತ್ರ ಕವರ್‌ನಲ್ಲಿ. ಇದೂ ನಡೆಯುತ್ತದೆ.

ಒಂದು ಕೌದಿ ಬಿಚ್ಚಿದಾಗ ಮೂರನೇ ಸಾಲಿನ ನಡುವೆ ಸೂಜಿ ಹಾಗೇ ಚುಚ್ಚಿತ್ತು. ನೂಲು ಕೂಡ ಪೋಣಿಸಿದ್ದೇ ಇತ್ತು. ಸೂಜಿಯ ಸುತ್ತ ಹಳದಿ ಖಣದ ಮೇಲೆ ತುಕ್ಕಿನ ಕಲೆ, ಉದ್ದಕ್ಕೆ ಸೂಜಿಯ ಆಕಾರದಲ್ಲೇ. ನಿಂಬೆಹಣ್ಣು, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಕವರ್‌ಗೆ ಹಾಕುವ ಮುಂಚೆ ಸೂಜಿ, ಟಾಚಣಿ, ಸ್ಟೇಪಲ್ ಪಿನ್ ಎಲ್ಲ ತೆಗೆದುಬಿಡಿ. ರಬ್ಬರ್ ಬ್ಯಾಂಡ್ ಅಂತೂ ಬೇಡವೇ ಬೇಡ. ನಮ್ಮ ಬೇಸಿಗೆಗೆ ಅದು ಕರಗಿ ಕಾಗದಕ್ಕೆ ಅಂಟಿ ಆಮೇಲೆ ಒಣಗಿ ಪುಡಿಯಾಗುತ್ತದೆ.

ಈ ಕವರ್‌ನ ದೊಡ್ಡ ದೋಷ ಸಿಕ್ಕಿದ್ದು ಕಾಗದದ ಕೆಲಸದಲ್ಲಿ. ಮುದ್ರಿಸಿದ ಒಂದು ಕಥೆಯ ಪ್ರತಿಯನ್ನು ಅಕ್ಷರ ಮೇಲಾಗಿ ಪ್ಲಾಸ್ಟಿಕ್‌ಗೆ ತಾಗುವಂತೆ ಇಟ್ಟಿದ್ದೆ, ಹೆಸರು ಹೊರಗೆ ಕಾಣಲಿ ಅಂತ. ಮೇ ಕಳೆದು ತೆಗೆದರೆ ಹಾಳೆ ಬರುತ್ತಿಲ್ಲ. ಮೆಲ್ಲಗೆ ಎಳೆದರೆ ಚರ್ ಅಂತ ಸದ್ದು. ಅರ್ಧ ಅಕ್ಷರ ಕಾಗದದಲ್ಲಿ, ಅರ್ಧ ಪ್ಲಾಸ್ಟಿಕ್‌ನಲ್ಲಿ. ‘ಅವಳು ಬಾಗಿಲು’ ಅನ್ನುವಷ್ಟು ತಿರುಗುಮುರುಗಾಗಿ ಕವರ್ ಒಳಗೆ ಅಚ್ಚಾಗಿತ್ತು. ಇಂಥ ಮೆತ್ತನೆ ಪ್ಲಾಸ್ಟಿಕ್‌ನಲ್ಲಿ ಅದನ್ನು ಬಾಗುವಂತೆ ಮಾಡಲು ಸೇರಿಸಿದ ಎಣ್ಣೆಯಂಥ ಪದಾರ್ಥ ಇರುತ್ತದೆ. ಅದು ಲೇಸರ್ ಪ್ರಿಂಟ್, ಜೆರಾಕ್ಸ್‌ನ ಮಸಿಯನ್ನು ಮೆತ್ತಗೆ ಮಾಡಿ ಎಳೆದುಕೊಳ್ಳುತ್ತದೆ. ಬಿಸಿ ಜಾಸ್ತಿಯಾದರೆ ಇನ್ನೂ ಬೇಗ. ಬಾಲ್ ಪೆನ್ನಿನಲ್ಲಿ ಕೈಯಿಂದ ಬರೆದ ನನ್ನ ಹಾಳೆಗಳಿಗೆ ಏನೂ ಆಗಿಲ್ಲ. ಈಗ ಪ್ರತಿ ಕಥೆಯನ್ನು ರಟ್ಟಿನ ಫೈಲಿಗೆ ಟ್ಯಾಗ್ ದಾರದಲ್ಲಿ ಕಟ್ಟಿ, ಆಮೇಲೆ ಕವರ್‌ಗೆ ಹಾಕುತ್ತೇನೆ. ಟಿಪ್ಪಣಿ ಹಾಳೆಯನ್ನೂ ಪೆನ್ನಿನಲ್ಲೇ ಬರೆಯುತ್ತೇನೆ.

ಕಂಪ್ಯೂಟರ್‌ನಲ್ಲಿ ಸಿಕ್ಕಿಕೊಂಡ ಕಥೆಗಳಿಗೆ ಕವರ್ ಏನೂ ಮಾಡಲಾರದು, ಅದು ಅದರ ತಪ್ಪಲ್ಲ. ಆದರೆ ಇದೇ ಸಮಸ್ಯೆ ಇರುವವರು ಬಹಳ ಮಂದಿ ಇದ್ದೀರಿ ಅಂತ ಹೇಳುತ್ತಿದ್ದೇನೆ. ಹಿಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಫೈಲನ್ನು ಈಗ ಮೊಬೈಲ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಕಥೆ ಹಾಳಾಗಿದೆ ಅಂತ ಅಳಿಸಬೇಡಿ. ಈಗ ಮೊಬೈಲ್‌ಗಳು ಓದುವ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಒಮ್ಮೆ ಓದಿ ತಿದ್ದಿದರೆ ಸರಿ. ನಾನು ಬದಲಿಸಿ, ಮುದ್ರಿಸಿ, ಫೈಲಿಗೆ ಹಾಕಿದೆ.

ಚೈನ್ ಬಗ್ಗೆ ದೂರು ಇದೆ. ರನ್ನರ್ ಒಂದೇ ಇರುವ ಕವರ್‌ಗಳು ಮೂಲೆ ತಿರುಗುವಲ್ಲಿ ತಡೆಯುತ್ತವೆ. ಎಳೆದರೆ ಹಲ್ಲು ಬಿಡುತ್ತದೆ. ಮೇಣದ ಬತ್ತಿ ಉಜ್ಜಿದರೆ ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ. ಹಿಂದಿನ ಒರಟು ಹಾಳೆ ಗಾಳಿ ಆಡಲು ಬಿಡುತ್ತದೆ, ಅದು ಒಳ್ಳೆಯದು. ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರಲಿಲ್ಲ. ಆದರೆ ಕಿಟಕಿ ಪಕ್ಕ ಬಿಸಿಲು ಬೀಳುವಲ್ಲಿ ಇಡಬೇಡಿ. ಆ ಹಾಳೆ ಬಿಸಿಲಿಗೆ ಜೀವ ಕಳೆದುಕೊಂಡು, ಮುಟ್ಟಿದರೆ ಪುಡಿ ಉದುರುತ್ತದೆ. ಪಕ್ಕದ ಮನೆಯವರದ್ದು ಹಾಗೇ ಆಗಿದೆ. ಡಾಂಬರು ಗುಳಿಗೆ ಕೂಡ ಪ್ಲಾಸ್ಟಿಕ್‌ಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಇಡಿ. ನಾನು ಒಣ ಬೇವಿನ ಎಲೆ ಹಾಕಿದ್ದೇನೆ.

ಇನ್ನು ಟಿಪ್ಪಣಿ ಹಾಳೆ. ಇದು ಅಂಗಡಿಯಲ್ಲಿ ಸಿಗುವುದಿಲ್ಲ, ಆದರೆ ಇದಿಲ್ಲದಿದ್ದರೆ ಕವರ್ ಬರೀ ಕವರ್. ಮೇಲೆ ಹೆಸರು. ಕೆಳಗೆ ಎಲ್ಲಿ ನಿಂತಿದೆ. ಅದರ ಕೆಳಗೆ ‘ಮುಂದಿನ ಕ್ರಮ’. ಇಲ್ಲಿ ‘ಕೌದಿ ಮುಗಿಸಬೇಕು’ ಅಂತ ಬರೆದರೆ ಪ್ರಯೋಜನವಿಲ್ಲ. ‘ಎಡಗಡೆ ಅಂಚು ಮಡಚಿ ಕಚ್ಚಾ ಹೊಲಿಗೆ ಹಾಕುವುದು, ಭಾನುವಾರ ಮಧ್ಯಾಹ್ನ, ಪಡಸಾಲೆಯಲ್ಲಿ’ ಅಂತ ಇರಬೇಕು. ಕಾದಂಬರಿಯದ್ದು: ‘ನಾಲ್ಕನೇ ಅಧ್ಯಾಯದಲ್ಲಿ ಅಣ್ಣ ಊರಿಗೆ ಯಾಕೆ ಬಂದ? ಒಂದು ಪುಟ ಬರೆದು ನೋಡುವುದು.’ ಕಚೇರಿಯಲ್ಲಿ ‘ಚರ್ಚಿಸಿ’ ಅಂತ ಷರಾ ಬರೆದು ಕಡತವನ್ನು ವಾಪಸ್ ಕಳಿಸುವ ಒಂದು ಚಾಳಿ ಇದೆ. ಆಮೇಲೆ ಅದು ತಿಂಗಳುಗಟ್ಟಲೆ ಅತ್ತಿಂದಿತ್ತ ಓಡಾಡುತ್ತದೆ. ಮನೆಯ ಹಾಳೆಯಲ್ಲಿ ಆ ಷರಾಕ್ಕೆ ಜಾಗವಿಲ್ಲ. ಮಾಡುವುದು, ಕೊಡುವುದು, ಬಿಡುವುದು. ಮೂರರಲ್ಲಿ ಒಂದು ಬರೆಯದೆ ಚೈನ್ ಹಾಕುವ ಹಾಗಿಲ್ಲ.

ಹೀಗೆ ಬರೆಯಲು ಕೂತಾಗಲೇ ಅರ್ಧ ಗುಡ್ಡೆ ಕರಗಿತು. ಎರಡು ಕಥೆಗಳಿಗೆ ‘ಬಿಡುವುದು’ ಅಂತ ಬರೆದೆ. ಒಂದರಲ್ಲಿ ಒಳ್ಳೇದಿದ್ದದ್ದು ಬಾವಿಕಟ್ಟೆಯ ಒಂದು ಜಗಳ ಮಾತ್ರ. ಅದನ್ನು ಕತ್ತರಿಸಿ ಕಾದಂಬರಿಯ ಫೈಲಿಗೆ ಸೇರಿಸಿದೆ. ಉಳಿದ ಹಾಳೆಗಳ ಹಿಂಬದಿಯಲ್ಲಿ ಕಿರಾಣಿ ಪಟ್ಟಿ ಬರೆಯುತ್ತಿದ್ದೇನೆ. ಬೇಸರ ಆಯಿತಾ ಅಂತ ಮಗಳು ಕೇಳಿದಳು. ಇಲ್ಲ, ನಿದ್ದೆ ಚೆನ್ನಾಗಿ ಬಂತು.

ದೊಡ್ಡ ಕೌದಿ ಒಂದಕ್ಕೆ ‘ಕೊಡುವುದು’ ಅಂತ ಬರೆದೆ. ನಮ್ಮ ಓಣಿಗೆ ಕೌದಿ ಹೊಲಿಯುವ ಹೆಂಗಸರು ಬರುತ್ತಾರೆ. ಅವರಲ್ಲೊಬ್ಬರನ್ನು ಕರೆದು ತೋರಿಸಿದೆ. ಅವರು ಪದರಗಳನ್ನು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು, ಬೆಳಕಿಗೆ ಎತ್ತಿ ಹಿಡಿದರು. ಆಮೇಲೆ ನಾನು ನಡುವೆ ಸೇರಿಸಿದ್ದ ಒಂದು ಹೊಳೆಯುವ ತುಂಡಿನ ಮೇಲೆ ಉಗುರಿಟ್ಟು, “ಅಕ್ಕಾರ, ಇದು ಪಾಲಿಸ್ಟರ್ ಐತ್ರಿ. ಸೂಜಿ ಸರಳ ಇಳಿಯಂಗಿಲ್ಲ. ಕಾಟನ್ ಇದ್ರ ಕೊಡ್ರಿ, ಇದನ್ನ ತೆಗೀತೀನಿ” ಅಂದರು. “ನನ್ನ ಹೊಲಿಗಿ ಬಿಚ್ಚತೀರೇನ್ರಿ?” ಅಂತ ಕೇಳಿದೆ. “ಯಾಕ ಬಿಚ್ಚಲಿ? ಅದರ ಮಗ್ಗಲಾಗ ನಂದು ಹಾಕ್ತೀನಿ.” ಹಾಗೇ ಮಾಡಿದರು. ಈಗ ಆ ಕೌದಿಯಲ್ಲಿ ಮೊದಲ ಸಾಲುಗಳು ಅಂಕುಡೊಂಕು, ಮುಂದಿನವು ಗೆರೆ ಎಳೆದಷ್ಟು ನೆಟ್ಟಗೆ. ಕೊನೇ ಬಾಯಿ ಮುಚ್ಚುವ ಮುಂಚೆ ಅವರು ರೊಟ್ಟಿ ಚೂರು ಕೇಳಿ ಒಳಗಿಟ್ಟರು. ನಮ್ಮ ಅತ್ತೆಯೂ ಹಾಗೇ ಮಾಡುತ್ತಿದ್ದರು, ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ. ಕೂಲಿ ಪದರದ ಲೆಕ್ಕ, ಹೊಲಿಗೆ ಎಷ್ಟು ಒತ್ತಾಗಿರಬೇಕು ಅನ್ನುವುದರ ಲೆಕ್ಕ. ಚೌಕಾಸಿ ಮಾಡಬೇಡಿ ಅಂತ ನನ್ನ ಅಭಿಪ್ರಾಯ. ಬೆನ್ನು ಬಗ್ಗಿಸಿ ನೆಲದ ಮೇಲೆ ಕೂತು ಮಾಡುವ ಕೆಲಸ ಅದು.

ಬೇರೆ ಏನು ಬಳಸಬಹುದು? ಪ್ಲಾಸ್ಟಿಕ್ ಡಬ್ಬಗಳು ಗಟ್ಟಿ, ಆದರೆ ದುಬಾರಿ ಮತ್ತು ಜಾಗ ತಿನ್ನುತ್ತವೆ. ಹಳೇ ಸೀರೆಯಲ್ಲಿ ಗಂಟು ಕಟ್ಟುವುದು ಖರ್ಚಿಲ್ಲದ ದಾರಿ, ಬಟ್ಟೆಗೆ ಅದೇ ಒಳ್ಳೆಯದು. ಆದರೆ ಗಂಟಿನ ಮೇಲೆ ಹಾಳೆ ನಿಲ್ಲುವುದಿಲ್ಲ, ಬಿಚ್ಚದೆ ಒಳಗಿನದು ತಿಳಿಯುವುದಿಲ್ಲ. ರಟ್ಟಿನ ಪೆಟ್ಟಿಗೆಗೆ ಗೆದ್ದಲು ಬರುತ್ತದೆ. ನೆಲಮಹಡಿ ಮನೆಯವರಿಗೆ ಬೇಡ.

ಅಂಕ ಕೊಡಿ ಅಂದರೆ ಐದಕ್ಕೆ ಮೂರೂವರೆ. ಬಟ್ಟೆಗೆ ನಾಲ್ಕು, ಕಾಗದಕ್ಕೆ ಎರಡೂವರೆ, ಅದೂ ರಟ್ಟಿನ ಫೈಲ್ ಜೊತೆಗಿದ್ದರೆ. ಎರಡು ಮೂರು ಕೆಲಸ ಬಾಕಿ ಇರುವವರಿಗೆ ಇದು ಬೇಕಿಲ್ಲ, ಒಂದು ಚೀಲ ಸಾಕು. ನನ್ನಂತೆ ಬೇಸಿಗೆಗೊಂದು ಶುರು ಮಾಡುವವರು ತಗೊಳ್ಳಿ. ಆದರೆ ಇರುವ ಬಾಕಿಗೆ ತಕ್ಕಷ್ಟೇ ತಗೊಳ್ಳಿ. ಖಾಲಿ ಕವರ್ ಮನೆಯಲ್ಲಿದ್ದರೆ ಹೊಸದೊಂದು ಶುರು ಮಾಡುವ ಚಪಲ ಬರುತ್ತದೆ, ನನ್ನ ಆರನೆಯದು ಹೀಗೇ ತುಂಬಿತು.

ಬಣ್ಣ ಬಿಳಿ ಬೇಡ, ನಮ್ಮ ಊರಿನ ಧೂಳಿಗೆ ವಾರದಲ್ಲಿ ಮಾಸುತ್ತದೆ. ಕಂದು ಅಥವಾ ಕಡುನೀಲಿ ಕೇಳಿ. ಎರಡು ರನ್ನರ್ ಇರುವುದನ್ನೇ ಆರಿಸಿ, ಇಪ್ಪತ್ತು ಮೂವತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ. ಕಟ್ಟು ಬಿಚ್ಚಿ ತೋರಿಸಲು ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಆದರೂ ಬಿಡಬೇಡಿ, ಅಲ್ಲೇ ಚೈನ್ ಎಳೆದು ಮೂಲೆ ತಿರುಗಿಸಿ ನೋಡಿ ದುಡ್ಡು ಕೊಡಿ.