ಮೋಟರ್‌ಹೋಮ್ ಲೆವೆಲಿಂಗ್ ರ‍್ಯಾಂಪ್: ಕೆಲಸಕ್ಕೆ ಬರುತ್ತೆ, ಆದ್ರೆ ಚಾಕ್ ವೇಸ್ಟು

ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡ್ಕೊಳ್ಳೋ ಗಾಡಿ) ನಿಲ್ಲಿಸಿದಾಗ ವಾಲದ ಹಾಗೆ ಮಟ್ಟ ಮಾಡೋಕೆ ಇರೋ ಮೂರು ಮೆಟ್ಟಿಲಿನ ಪ್ಲಾಸ್ಟಿಕ್ ರ‍್ಯಾಂಪ್ ಜೋಡಿ ಇದು, ತಗ್ಗಲ್ಲಿರೋ ಚಕ್ರದ ಮುಂದೆ ಇಟ್ಟು ನಿಧಾನಕ್ಕೆ ಹತ್ತಿಸಿದ್ರೆ ಆಯ್ತು, ಒಣ ನೆಲದಲ್ಲಂತೂ ಅಲುಗಾಡಲ್ಲ. ಒದ್ದೆ ಹುಲ್ಲಲ್ಲಿ ಮಾತ್ರ ಟೈರ್ ಹತ್ತೋ ಮೊದ್ಲೇ ರ‍್ಯಾಂಪೇ ಮುಂದಕ್ಕೆ ಜಾರುತ್ತೆ, ಅಡಿಗೆ ರಬ್ಬರ್ ಮ್ಯಾಟ್ ಹಾಕ್ಲೇಬೇಕು. ಜೊತೆಗೆ ಕೊಟ್ಟಿರೋ ಚಾಕ್ (ಚಕ್ರ ಉರುಳದ ಹಾಗೆ ಅಡ್ಡ ಇಡೋ ತುಂಡು) ಆಟದ ಸಾಮಾನು ಥರ ಇದೆ, ಬೇರೆ ತಗೊಳ್ಳಿ.

ಮೊದ್ಲು ಎಡ-ಬಲ ಸರಿ ಮಾಡಿ ಆಮೇಲೆ ಹಿಂದೆ-ಮುಂದೆ ನೋಡಿ. ಹಿಂದೆ ಡಬಲ್ ಟೈರ್ ಇದ್ರೆ ಈ ಅಗಲ ಸಾಲಲ್ಲ, ಒಂದೇ ಟೈರ್ ಮೇಲೆ ಭಾರ ಬಿಡೋದು ಸರಿಯಲ್ಲ, ಎರಡಕ್ಕೂ ಆಸರೆ ಬೇಕು.

ಇನ್ನೊಂದು, ಹಿಂದಿನ ಮೂಲೆಗಳಲ್ಲಿ ಇಳಿಸೋ ಸ್ಟೆಬಿಲೈಸರ್ ಕಾಲು ಇರೋದು ಒಳಗೆ ಓಡಾಡುವಾಗ ಗಾಡಿ ತೂಗಾಡದೇ ಇರಲಿ ಅಂತ, ಅದರಲ್ಲೇ ಗಾಡಿ ಎತ್ತಿ ಮಟ್ಟ ಮಾಡೋಕೆ ಹೋದ್ರೆ ಕಾಲು ಬಾಗುತ್ತೆ, ಆದ್ರೂ ಎಷ್ಟೋ ಜನ ಅದನ್ನೇ ಮಾಡ್ತಾರೆ ನೋಡಿ. ಮೆತ್ತಗಿನ ನೆಲ ಆದ್ರೆ ಕಾಲಿನ ಕೆಳಗೆ ಅಗಲವಾದ ಹಲಗೆ ಇಡಿ, ಇಲ್ಲಾಂದ್ರೆ ರಾತ್ರಿ ಮಳೆ ಬಂದ್ರೆ ಹೂತುಹೋಗುತ್ತೆ.

ಇಷ್ಟೆಲ್ಲಾ ಮಟ್ಟ ಮಾಡೋದು ಯಾಕೆ ಅಂದ್ರೆ ಗ್ಯಾಸಲ್ಲಿ ಓಡೋ ಅಬ್ಸಾರ್ಪ್ಷನ್ ಫ್ರಿಜ್. ಅದರಲ್ಲಿ ಕಂಪ್ರೆಸರ್ ಇಲ್ಲ, ಅಮೋನಿಯಾ ದ್ರಾವಣ ತನ್ನಷ್ಟಕ್ಕೇ ಕೆಳಗೆ ಹರೀಬೇಕು, ಗಾಡಿ ಜಾಸ್ತಿ ವಾಲಿದ್ರೆ ಅದು ನಿಂತು ಫ್ರಿಜ್ ತಣ್ಣಗಾಗಲ್ಲ, ಹಾಗೇ ಓಡಿಸ್ತಿದ್ರೆ ಕೂಲಿಂಗ್ ಯೂನಿಟ್ಟೇ ಹಾಳಾಗುತ್ತೆ. ಕಂಪ್ರೆಸರ್ ಫ್ರಿಜ್ ಇರೋರು ಇಷ್ಟು ತಲೆ ಕೆಡಿಸ್ಕೋಬೇಡಿ, ನಿದ್ದೆ ಬರೋಷ್ಟು ಮಟ್ಟ ಇದ್ರೆ ಸಾಕು.

ಐದಕ್ಕೆ ಮೂರೂವರೆ, ಆ ಚಾಕ್‌ಗೋಸ್ಕರ ಅರ್ಧ ಕಟ್.