ಫೆನ್‌ವೇ ಪಾರ್ಕಿಗೆ ಹೋಗುವವರೇ, ‘ನಮ್ಮವರು’ ಕೊಡಿಸುವ ಟಿಕೆಟ್ ಬಗ್ಗೆ ಹುಷಾರು

ಬಾಸ್ಟನ್ ಸುತ್ತಮುತ್ತ ಇರುವ ಕನ್ನಡದವರು, ಅದರಲ್ಲೂ ಬೇಸಿಗೆಗೆ ಊರಿಂದ ಯಾರಾದರೂ ಬರುವವರಿದ್ದರೆ, ದಯವಿಟ್ಟು ಇದನ್ನು ಓದಿ. ವಾಟ್ಸಾಪ್ ಗುಂಪುಗಳಲ್ಲಿ ಫೆನ್‌ವೇ ಪಾರ್ಕಿನ ಬೇಸ್‌ಬಾಲ್ ಟಿಕೆಟ್ ಮಾರುವ ಒಬ್ಬ ಮಹಾಶಯ ಇದ್ದಾನೆ. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ಬೇರೆ ಹೆಸರಲ್ಲಿ ಬರುತ್ತಾನೆ. ಮಾತಿನ ಧಾಟಿ ಹೇಳುತ್ತೇನೆ, ಗುರುತು ಹಿಡಿಯಿರಿ. "ಅಕ್ಕಾ, ನೀವು ನಮ್ಮವರು, ನಿಮ್ಮ ಹತ್ರ ಲಾಭ ನೋಡ್ತೀನಾ?" ಈ ಮಾತು ಬಂತೋ, ಅಲ್ಲಿಗೇ ಫೋನ್ ಇಟ್ಟುಬಿಡಿ.

ಮೈಸೂರಿನಿಂದ ನನ್ನ ಕಾಲೇಜು ಗೆಳತಿ ಬಂದಿದ್ದಳು. ಕ್ರಿಕೆಟ್ ಹುಚ್ಚಿನವಳು. ಬೇಸ್‌ಬಾಲ್ ಗಂಧ ಗಾಳಿ ಇಲ್ಲ, ಆದರೂ ಫೆನ್‌ವೇ ನೋಡಲೇಬೇಕು ಅಂತ ಹಟ. 1912ರಲ್ಲಿ ಶುರುವಾದ ಮೈದಾನ, ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಆಡುವ ಮೈದಾನಗಳಲ್ಲೆಲ್ಲ ಹಳೆಯದು. ಎಡಗಡೆ 37 ಅಡಿ ಎತ್ತರದ ಹಸಿರು ಗೋಡೆ, ಅದೇ ಗ್ರೀನ್ ಮಾನ್‌ಸ್ಟರ್. ಅದರ ಬುಡದಲ್ಲಿ ಇವತ್ತಿಗೂ ಕೈಯಲ್ಲೇ ನಂಬರ್ ಹಲಗೆ ಹಾಕುವ ಸ್ಕೋರ್‌ಬೋರ್ಡ್. ಇಷ್ಟನ್ನೂ ಯೂಟ್ಯೂಬಲ್ಲಿ ನೋಡಿಕೊಂಡೇ ವಿಮಾನ ಹತ್ತಿದ್ದಳು. ಇಲ್ಲಿನ ಇಬ್ಬರು ಗೆಳತಿಯರೂ ಸೇರಿ ನಾವು ನಾಲ್ಕು ಜನ.

ಪಂದ್ಯ ಬಾಸ್ಟನ್ನಿನ ರೆಡ್ ಸಾಕ್ಸ್‌ಗೂ ನ್ಯೂಯಾರ್ಕಿನ ಯಾಂಕೀಸ್‌ಗೂ. ಇವರಿಬ್ಬರ ಜಿದ್ದು ನಿಮಗೆ ಗೊತ್ತೇ ಇದೆ. ತಮ್ಮ ದೊಡ್ಡ ಆಟಗಾರ ಬೇಬ್ ರೂತ್‌ನನ್ನು ನ್ಯೂಯಾರ್ಕಿಗೆ ಮಾರಿದ ಮೇಲೆ ಬಾಸ್ಟನ್‌ನವರು 2004ರವರೆಗೆ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಚಾಂಪಿಯನ್ ಪಟ್ಟ, ಗೆದ್ದಿರಲಿಲ್ಲ, ಅದರ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅಂಥ ಪಂದ್ಯಕ್ಕೆ ರೇಟ್ ಜಾಸ್ತಿ ಇರುತ್ತೆ, ಸರಿ. ಅದಕ್ಕೆ ನನ್ನ ತಕರಾರಿಲ್ಲ.

ಈ ಮನುಷ್ಯ ಹೇಳಿದ್ದು: ಹೋಮ್ ಪ್ಲೇಟ್ (ಬ್ಯಾಟ್ಸ್‌ಮನ್ ನಿಲ್ಲುವ ಜಾಗ) ಹಿಂದೆ, ಚಾವಣಿ ಇರುವ ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ, ನೆರಳಲ್ಲಿ, ನಾಲ್ಕೂ ಸೀಟು ಅಕ್ಕಪಕ್ಕ. ಜೊತೆಗೆ ಒಂದು ಫೋಟೋ. ಮೈದಾನ ಪೂರ್ತಿ ಎದುರಿಗೇ ಕಾಣುವ ಫೋಟೋ. ತಲಾ 190 ಡಾಲರ್. ಬ್ಯಾಂಕ್ ಖಾತೆಯಿಂದ ಖಾತೆಗೆ ನೇರ ದುಡ್ಡು ಹೋಗುವ ಝೆಲ್‌ನಲ್ಲೇ ಕಳಿಸಬೇಕು, ಕಾರ್ಡ್ ಆಗಲ್ಲ. ಸೀಟ್ ನಂಬರ್ ಕೇಳಿದರೆ "ಅದು ಪಂದ್ಯದ ದಿನ ಆ್ಯಪಿಗೆ ಬರುತ್ತೆ ಅಕ್ಕಾ, ಎಲ್ಲರಿಗೂ ಹಂಗೇ" ಅಂದ. ಅವನ ಕನ್ನಡ ಎಷ್ಟು ಚೆನ್ನಾಗಿತ್ತು ಅಂದರೆ, ಊಟ ಆಯ್ತಾ ಅಂತಾನೂ ವಿಚಾರಿಸಿದ್ದ.

ಪಂದ್ಯದ ದಿನ ಕೆನ್ಮೋರ್ ಸ್ಟೇಷನ್‌ನಲ್ಲಿ ಇಳಿದು ಜನರ ಜೊತೆ ನಡೆದುಕೊಂಡು ಬಂದೆವು. ಟಿಕೆಟ್ ಬಂದಿಲ್ಲ. ಗೇಟಿನ ಹತ್ತಿರ ನಿಂತೆವು, ಬಂದಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮೂವರೂ ನನ್ನ ಮುಖ ನೋಡುತ್ತಿದ್ದಾರೆ. ದುಡ್ಡು ಒಟ್ಟು ಮಾಡಿದವಳು ನಾನು, ಅಲ್ವಾ! ಒಳಗೆ ರಾಷ್ಟ್ರಗೀತೆ ಶುರುವಾದ ಮೇಲೆ ಫೋನ್ ಟಿಂಗ್ ಅಂತು. ಎರಡು ಟಿಕೆಟ್ ಸೆಕ್ಷನ್ 5ಕ್ಕೆ, ಎರಡು ಸೆಕ್ಷನ್ 2ಕ್ಕೆ. ಹೋಮ್ ಪ್ಲೇಟ್ ಹಿಂದೆಯೂ ಅಲ್ಲ, ಅಕ್ಕಪಕ್ಕವೂ ಅಲ್ಲ. ಎರಡೂ ಬಲಗಡೆ ಔಟ್‌ಫೀಲ್ಡ್ ಕಡೆ.

ಆಮೇಲೆ ಸೀಟು. ಹಳೇ ಮರದ ಸೀಟು, ನೀಲಿ ಬಣ್ಣದ್ದು, ಮೊಣಕಾಲು ಮುಂದಿನವರ ಬೆನ್ನಿಗೆ ತಾಗುವಷ್ಟು ಇಕ್ಕಟ್ಟು. ಇರಲಿ, ಹಳೇ ಜಾಗ. ಕೂತು ತಲೆ ಎತ್ತಿದರೆ ನೇರ ಮುಂದೆ ಒಂದು ಕಂಬ. ಚಾವಣಿ ಹೊತ್ತ ಕಬ್ಬಿಣದ ಕಂಬ, ಹಸಿರು ಬಣ್ಣ ಬಳಿದದ್ದು. ಎಡಕ್ಕೆ ವಾಲಿದರೆ ಬ್ಯಾಟ್ಸ್‌ಮನ್ ಕಾಣುತ್ತಾನೆ, ಬಲಕ್ಕೆ ವಾಲಿದರೆ ಬೌಲ್ ಮಾಡುವ ಪಿಚರ್. ಇಬ್ಬರೂ ಒಟ್ಟಿಗೆ ಕಾಣುವುದೇ ಇಲ್ಲ! ಚೆಂಡು ಮೇಲೆ ಹೋಯಿತೋ, ಚಾವಣಿಯ ಅಂಚು ಅಡ್ಡ. ಜನ ಎದ್ದು ಕೂಗುತ್ತಾರೆ, ನಾವೂ ಏಳುತ್ತೇವೆ, ಯಾಕೆ ಅಂತ ಗೊತ್ತಿಲ್ಲ. ದೂರದ ಗೋಡೆಯಲ್ಲಿ ಒಳಗಿನವರು ಹಲಗೆ ಬದಲಾಯಿಸಿದಾಗಲೇ ರನ್ ಬಂತು ಅಂತ ಗೊತ್ತಾಗುವುದು. ಗೆಳತಿ ಪಾಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಚಿನ್ನಸ್ವಾಮೀಲಿ ಬ್ಲ್ಯಾಕಲ್ಲಿ ತಗೊಂಡ್ರೂ ಪಿಚ್ ಕಾಣುತ್ತೆ ಕಣೇ" ಅಂದಳು. ನಗುತ್ತಲೇ ಅಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇಷ್ಟಕ್ಕೇ ಮುಗಿದಿದ್ದರೆ ಕೆಟ್ಟ ಸೀಟು ಅಂತ ಸುಮ್ನೆ ಇರುತ್ತಿದ್ದೆನೋ ಏನೋ. ಪಕ್ಕದಲ್ಲಿ ಒಬ್ಬ ವಯಸ್ಸಾದ ಬಾಸ್ಟನ್ ಅಜ್ಜ, ಕಾಗದದಲ್ಲಿ ಪೆನ್ಸಿಲ್ ಹಿಡಿದು ಸ್ಕೋರ್ ಬರೆದುಕೊಳ್ಳುತ್ತಿದ್ದರು. ನಾವು ಅತ್ತ ಇತ್ತ ವಾಲುವುದನ್ನು ನೋಡಿ, ನೀವೂ ಕಡಿಮೆ ರೇಟಿಗೆ ಅಂತ ಈ ಸೀಟು ತಗೊಂಡಿರಾ ಅಂತ ಕೇಳಿದರು. ಕಡಿಮೆ ರೇಟಾ? ಅವರು ಫೋನ್ ತೋರಿಸಿದರು. ತಂಡದ ವೆಬ್‌ಸೈಟಲ್ಲೇ ಕೊಂಡ ಟಿಕೆಟ್. ಅದರಲ್ಲಿ ಸ್ಪಷ್ಟವಾಗಿ ‘ಅಬ್‌ಸ್ಟ್ರಕ್ಟೆಡ್ ವ್ಯೂ’ ಅಂತಿದೆ, ಅಂದರೆ ನೋಟಕ್ಕೆ ಅಡ್ಡ ಇದೆ ಅಂತ. ನಮ್ಮ ಟಿಕೆಟ್ ಬಿಚ್ಚಿ ನೋಡಿದೆ. ಅದರಲ್ಲೂ ಅದೇ ಎರಡು ಪದ. ಅವರು ಕೊಟ್ಟದ್ದು ನಾನು ಕೊಟ್ಟದ್ದರ ಅರ್ಧವೂ ಇಲ್ಲ. ಅಂದರೆ ಅವನಿಗೆ ಗೊತ್ತಿತ್ತು. ಕಂಬದ ಹಿಂದಿನ ಸೀಟು ಅಂತ ಗೊತ್ತಿದ್ದೇ ಅಗ್ಗಕ್ಕೆ ಕೊಂಡು, ಗೊತ್ತಿದ್ದೇ ಬೇರೆ ಜಾಗದ ಫೋಟೋ ಕಳಿಸಿ, ಗೊತ್ತಿದ್ದೇ ಕೊನೇ ಗಳಿಗೆವರೆಗೆ ನಂಬರ್ ಮುಚ್ಚಿಟ್ಟಿದ್ದ.

ಅಲ್ಲಿಂದಲೇ ಮೆಸೇಜ್ ಮಾಡಿದೆ, ಕಂಬದ ಫೋಟೋ ಸಮೇತ. ಅವನ ಉತ್ತರಗಳು, ಒಂದಾದ ಮೇಲೊಂದು:

"ಹಳೇ ಸ್ಟೇಡಿಯಂ ಅಕ್ಕಾ, ಕಂಬ ಇರಲ್ವಾ? ಜನ ಅದನ್ನೇ ನೋಡೋಕೆ ಬರ್ತಾರೆ."

ನಾಲ್ಕು ಸೀಟು ಬೇರೆ ಬೇರೆ ಯಾಕೆ ಅಂದೆ. "ಇನ್ನಿಂಗ್ಸ್ ಮಧ್ಯೆ ಎದ್ದು ಹೋಗಿ ಮಾತಾಡಬಹುದಲ್ವಾ."

ಫೋಟೋ? "ಅದು ಸ್ಯಾಂಪಲ್."

ಸ್ಯಾಂಪಲ್ ಅಂತೆ! ಟಿಕೆಟ್ ವ್ಯಾಪಾರ ಮಾಡೋಕೆ ಮ್ಯಾಸಚೂಸೆಟ್ಸ್‌ನಲ್ಲಿ ಲೈಸೆನ್ಸ್ ಬೇಕಲ್ಲಪ್ಪ, ನಿನ್ನದಿದೆಯಾ ಅಂತ ಕೇಳಿದೆ. ಆವಾಗ ಧಾಟಿಯೇ ಬದಲು. ಅಕ್ಕ ಹೋಗಿ ಮೇಡಂ ಬಂತು. "ಇದು ವ್ಯಾಪಾರ ಅಲ್ಲ ಮೇಡಂ, ಫ್ರೆಂಡ್ಸ್‌ಗೆ ಮಾಡೋ ಹೆಲ್ಪ್." ಹೆಲ್ಪ್‌ಗೆ 760 ಡಾಲರ್! ರಾತ್ರಿ ಝೆಲ್‌ನಲ್ಲಿ 20 ಡಾಲರ್ ಕಳಿಸಿದ, "ಕಾಫಿ ಕುಡೀರಿ" ಅಂತ. ವಾಪಸ್ ಕಳಿಸಿದೆ. ಅದನ್ನು ಮಾತ್ರ ತಕ್ಷಣ ತಗೊಂಡ, ಆಮೇಲೆ ನನ್ನನ್ನು ಬ್ಲಾಕ್ ಮಾಡಿದ. ಬ್ಯಾಂಕಿನವರು, ನೀವಾಗಿಯೇ ಕಳಿಸಿದ ಝೆಲ್ ದುಡ್ಡು ಹಿಂದೆ ತರಿಸಲಾಗದು ಅಂದರು. ಟಿಕೆಟ್ ಅಸಲಿ, ಗೇಟಲ್ಲಿ ಒಳಗೂ ಬಿಟ್ಟಿದ್ದಾರೆ, ಹಾಗಾಗಿ ಮೋಸ ಅಂತ ಸಾಬೀತು ಮಾಡುವುದೂ ಕಷ್ಟವಂತೆ. ಅವನ ಚಾಲಾಕಿತನ ಇರುವುದೇ ಅಲ್ಲಿ.

ನೀವು ಹೋಗುವುದಾದರೆ ತಂಡದ ವೆಬ್‌ಸೈಟಲ್ಲೇ ಕೊಳ್ಳಿ, ಕಂಬ ಅಡ್ಡ ಬರುವ ಸೀಟಿಗೆ ಅಲ್ಲಿ ಬರೆದೇ ಇರುತ್ತಾರೆ. ಬೇರೆಯವರಿಂದಲೇ ಕೊಳ್ಳಬೇಕಾದರೆ ಸೆಕ್ಷನ್, ಸಾಲು, ಸೀಟ್ ನಂಬರ್ ಕೈಗೆ ಬರುವವರೆಗೆ ಒಂದು ಪೈಸೆ ಬಿಚ್ಚಬೇಡಿ, ಕಾರ್ಡಲ್ಲೇ ಕೊಡಿ. ಗ್ರ್ಯಾಂಡ್‌ಸ್ಟ್ಯಾಂಡಿನ 1ರಿಂದ 8ರವರೆಗಿನ ಸೆಕ್ಷನ್ ಅಂದರೆ ಇನ್ನೊಂದು ಸಲ ಯೋಚಿಸಿ. ಅಲ್ಲಿ ಸೀಟುಗಳು ಬ್ಯಾಟ್ಸ್‌ಮನ್ ಕಡೆಗಲ್ಲ, ಔಟ್‌ಫೀಲ್ಡ್ ಕಡೆಗೆ ಮುಖ ಮಾಡಿವೆ. ಕಂಬ ಇಲ್ಲದಿದ್ದರೂ ಕುತ್ತಿಗೆ ನೋವು ಖಾತ್ರಿ. ಊಟ ಆಯ್ತಾ ಅಂತ ಕೇಳುವವನ ಹತ್ತಿರ ಮಾತ್ರ ಬೇಡವೇ ಬೇಡ.

ನಿನ್ನೆ ಇನ್ನೊಂದು ಗುಂಪಿನಲ್ಲಿ ಅವನ ಹೊಸ ಮೆಸೇಜ್ ಬಂದಿದೆ ಅಂತ ಗೆಳತಿಯೊಬ್ಬಳು ಕಳಿಸಿದಳು. ನಾಲ್ಕು ಸೀಟು ಒಟ್ಟಿಗೆ, ಹೋಮ್ ಪ್ಲೇಟ್ ಹಿಂದೆ, ತಲಾ 210. ಫೋಟೋ ಅದೇ.